ಕೊಲೆಗಾರನ ಮಾತು ಕೇಳೋದು ಯಾಕೆ? ವಿಯೆನ್ನಾದಿಂದ ಜೈಲಿನವರೆಗೆ ಮನೋವಿಶ್ಲೇಷಣೆಯ ನೂರು ವರ್ಷ

ಇವತ್ತಿನ ಸಂಚಿಕೆಯ ವಿಷಯ ಸ್ವಲ್ಪ ಭಾರ. ಕೊಲೆ, ಹಲ್ಲೆ ಮಾಡಿದವರ ಬಗ್ಗೆ ಮಾತಾಡ್ತೀನಿ. ಯಾರು ಯಾರನ್ನ ಹೇಗೆ ಕೊಂದರು ಅನ್ನೋ ಕ್ರೈಂ ಸ್ಟೋರಿ ಇಲ್ಲಿ ಇಲ್ಲ. ಅಂಥವರ ಎದುರು ಒಂದು ಕುರ್ಚಿ ಹಾಕ್ಕೊಂಡು ಕೂತು, ‘ಆ ಹೊತ್ತಲ್ಲಿ ನಿನ್ನೊಳಗೆ ಏನು ನಡೀತಿತ್ತು’ ಅಂತ ಕೇಳಿದ ಕೆಲವು ಜನ ಇದ್ದರು. ಅವರ ಇತಿಹಾಸ ಇದು.

ಮೊದಲೇ ಒಂದು ಮಾತು. ನಮ್ಮ ಫೋನಿಗೆ ಒಂದು ಭೀಕರ ಕೊಲೆಯ ಸುದ್ದಿ ಬಂದ ತಕ್ಷಣ ಅದರ ಕೆಳಗೆ ಕಾಮೆಂಟುಗಳು ಬೀಳ್ತವೆ. ‘ಗಲ್ಲಿಗೆ ಹಾಕಿ’, ‘ಎನ್‌ಕೌಂಟರ್ ಮಾಡಿ’, ‘ಇವನು ಮನುಷ್ಯನೇ ಅಲ್ಲ’. ಆ ಸಿಟ್ಟು ನನಗೂ ಅರ್ಥ ಆಗುತ್ತೆ. ಆದರೆ ಕೊನೆಯ ಮಾತು ಇದೆಯಲ್ಲ, ಮನುಷ್ಯನೇ ಅಲ್ಲ ಅನ್ನೋದು, ಅದನ್ನ ಹೇಳಿದ ಮೇಲೆ ಮುಂದೆ ಕೇಳೋಕೆ ಏನೂ ಉಳಿಯಲ್ಲ. ಇವತ್ತು ನಾನು ಹೇಳಹೊರಟಿರುವ ಜನ ಆ ಮಾತನ್ನ ಒಪ್ಪದೇ ಕೆಲಸ ಮಾಡಿದವರು. ಅವರು ಕೆಲವು ಸಲ ಗೆದ್ದರು, ಕೆಲವು ಸಲ ಕೆಟ್ಟದಾಗಿ ಸೋತರು. ಎರಡನ್ನೂ ಹೇಳ್ತೀನಿ.

ಫ್ರಾಯ್ಡ್ ಬೇಡ ಅಂದ ಹಣ

1924ರ ಮೇ ತಿಂಗಳು, ಅಮೆರಿಕದ ಶಿಕಾಗೋ. ನೇಥನ್ ಲಿಯೋಪೋಲ್ಡ್‌ಗೆ 19 ವರ್ಷ, ರಿಚರ್ಡ್ ಲೋಬ್‌ಗೆ 18 ವರ್ಷ. ಇಬ್ಬರೂ ಭಾರೀ ಶ್ರೀಮಂತರ ಮಕ್ಕಳು, ಓದಿನಲ್ಲಿ ಮುಂದೆ ಇದ್ದವರು. 14 ವರ್ಷದ ಒಬ್ಬ ಹುಡುಗನನ್ನ ಕಾರಲ್ಲಿ ಕರ್ಕೊಂಡು ಹೋಗಿ ಕೊಂದುಬಿಟ್ಟರು. ದ್ವೇಷ ಇರಲಿಲ್ಲ, ದುಡ್ಡಿನ ಅಗತ್ಯ ಇರಲಿಲ್ಲ. ಸಿಕ್ಕಿಬೀಳದ ಹಾಗೆ ಒಂದು ಪರಿಪೂರ್ಣ ಅಪರಾಧ ಮಾಡಬಹುದಾ ಅಂತ ನೋಡೋದಷ್ಟೇ ಅವರ ಉದ್ದೇಶ. ಕೆಲವೇ ದಿನದಲ್ಲಿ ಸಿಕ್ಕಿಬಿದ್ದರು.

ಇಡೀ ದೇಶ ಕೇಳಿದ್ದು ಒಂದೇ ಪ್ರಶ್ನೆ: ಯಾಕೆ? ಪತ್ರಿಕೆಗಳಿಗೆ ಇದಕ್ಕೆ ಉತ್ತರ ಕೊಡಬಲ್ಲವರು ಒಬ್ಬರೇ ಅನ್ನಿಸ್ತು. ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡ್. ಶಿಕಾಗೋ ಟ್ರಿಬ್ಯೂನ್ ಪತ್ರಿಕೆ, ಬಂದು ಈ ಹುಡುಗರ ಮನಸ್ಸನ್ನ ವಿಶ್ಲೇಷಣೆ ಮಾಡಿ, 25,000 ಡಾಲರ್ ಕೊಡ್ತೀವಿ ಅಂತು. ನೂರು ವರ್ಷದ ಹಿಂದೆ ಅದು ಎಷ್ಟು ದೊಡ್ಡ ಮೊತ್ತ ಅಂತ ಯೋಚಿಸಿ. ಫ್ರಾಯ್ಡ್ ಒಪ್ಪಲಿಲ್ಲ. ಪತ್ರಿಕೆಯಲ್ಲಿ ಬಂದ ವರದಿ ಓದಿ, ಮನುಷ್ಯರನ್ನ ಮುಖತಃ ನೋಡದೆ, ಅವರ ಬಗ್ಗೆ ತಜ್ಞನ ಅಭಿಪ್ರಾಯ ಕೊಡೋಕಾಗಲ್ಲ ಅನ್ನೋದು ಅವರ ಉತ್ತರದ ಸಾರಾಂಶ. ಟಿವಿ ಚರ್ಚೆಯಲ್ಲಿ ಆರೋಪಿಯ ಮುಖ ನೋಡಿಯೇ ಅವನ ಮನಸ್ಸನ್ನ ಬಿಡಿಸಿಡುವವರನ್ನ ನೋಡಿದಾಗೆಲ್ಲ ನನಗೆ ಈ ಪತ್ರ ನೆನಪಾಗುತ್ತೆ.

ಕೋರ್ಟಲ್ಲಿ ಏನಾಯ್ತು? ಹುಡುಗರ ಪರ ವಕೀಲ ಕ್ಲಾರೆನ್ಸ್ ಡ್ಯಾರೋ ತಪ್ಪೊಪ್ಪಿಗೆ ಸಲ್ಲಿಸಿ, ಗಲ್ಲಿನಿಂದ ಉಳಿಸೋಕೆ ವಾದ ಮಾಡಿದರು. ಮನೋವೈದ್ಯರನ್ನ ಕರೆಸಿ ಹುಡುಗರ ಬಾಲ್ಯ, ಕನಸು, ಕಲ್ಪನೆ ಎಲ್ಲವನ್ನೂ ನ್ಯಾಯಾಧೀಶರ ಮುಂದೆ ಇಟ್ಟರು. ಮರಣದಂಡನೆ ತಪ್ಪಿತು, ಜೀವಾವಧಿ, ಅದರ ಮೇಲೆ ಅಪಹರಣಕ್ಕೆ 99 ವರ್ಷ. ಆದರೆ ನ್ಯಾಯಾಧೀಶರು ಒಂದು ವಿಷಯವನ್ನ ಸ್ಪಷ್ಟ ಮಾಡಿದರು. ಮನಸ್ಸಿನ ವಿಶ್ಲೇಷಣೆ ಆಸಕ್ತಿಕರವಾಗಿದೆ, ಆದರೆ ಬೇರೆ ಯಾವ ಆರೋಪಿಯನ್ನ ಹೀಗೆ ಪರೀಕ್ಷೆ ಮಾಡಿದರೂ ಏನಾದರೊಂದು ಸಿಕ್ಕೇ ಸಿಗುತ್ತೆ. ನಾನು ಗಲ್ಲು ಕೊಡದಿರೋದು ಇವರ ವಯಸ್ಸು ನೋಡಿ. ಹೆಚ್ಚುಕಡಿಮೆ ಇದು ಅವರ ನಿಲುವು.

ಈ ಮಾತಲ್ಲಿ ಇಡೀ ಸಮಸ್ಯೆ ಇದೆ. ಮನಸ್ಸನ್ನ ಅರ್ಥ ಮಾಡ್ಕೊಳ್ಳೋದು ಒಂದು ಕೆಲಸ, ಶಿಕ್ಷೆ ಎಷ್ಟು ಅಂತ ತೀರ್ಮಾನಿಸೋದು ಇನ್ನೊಂದು ಕೆಲಸ. ಕೋರ್ಟಿನ ಕಟ್ಟೆಯ ಮೇಲೆ ಎರಡನ್ನೂ ಒಟ್ಟಿಗೆ ನಿಲ್ಲಿಸಿದರೆ, ಅರ್ಥ ಮಾಡ್ಕೊಳ್ಳೋದು ಅಂದರೆ ಶಿಕ್ಷೆಯಿಂದ ತಪ್ಪಿಸೋದು ಅನ್ನೋ ಹಾಗೆ ಕಾಣುತ್ತೆ. ಹಾಗಾಗಿ ನಿಜವಾದ ಕೆಲಸ ನಡೆದಿದ್ದು ಕೋರ್ಟಿನ ಹೊರಗೆ.

ತಪ್ಪಿಗೆ ಮೊದಲೇ ಬರುವ ಅಪರಾಧಿ ಭಾವನೆ

ಇದಕ್ಕೂ ಎಂಟು ವರ್ಷ ಮೊದಲು, 1916ರಲ್ಲಿ, ಫ್ರಾಯ್ಡ್ ಒಂದು ಪ್ರಬಂಧದ ಕೊನೆಯಲ್ಲಿ ಒಂದು ವಿಚಿತ್ರ ವಿಷಯ ಬರೆದಿದ್ದರು. ಸಾಮಾನ್ಯವಾಗಿ ನಾವು ಏನು ಅಂದ್ಕೊಳ್ತೀವಿ? ತಪ್ಪು ಮಾಡಿದ ಮೇಲೆ ಮನಸ್ಸು ಚುಚ್ಚುತ್ತೆ. ಫ್ರಾಯ್ಡ್ ಹೇಳಿದ್ದು, ಕೆಲವರಲ್ಲಿ ಇದು ಉಲ್ಟಾ ಇರುತ್ತೆ. ಯಾಕೆ ಅಂತ ಗೊತ್ತಿಲ್ಲದ ಒಂದು ಅಪರಾಧಿ ಭಾವನೆ ಮೊದಲಿನಿಂದಲೇ ಒಳಗೆ ಕೊರೀತಾ ಇರುತ್ತೆ. ಆ ಭಾರ ತಡೆಯೋಕಾಗದೆ ಮನುಷ್ಯ ನಿಜವಾಗಿಯೇ ಒಂದು ತಪ್ಪು ಮಾಡಿಬಿಡ್ತಾನೆ. ಆಮೇಲೆ ಒಂಥರಾ ಹಗುರ. ಯಾಕಂದ್ರೆ ಈಗ ಆ ಭಾವನೆಗೆ ಒಂದು ಕಾರಣ ಸಿಕ್ತು.

ಮನೆಯಲ್ಲಿ ಒಂದು ಮಗು ಇದ್ದಕ್ಕಿದ್ದ ಹಾಗೆ ಹಟ ಮಾಡಿ, ಏನೋ ಒಡೆದು, ಏಟು ತಿಂದು, ಆಮೇಲೆ ಶಾಂತವಾಗಿ ಮಲಗೋದನ್ನ ನೀವು ನೋಡಿರಬಹುದು. ‘ಏಟಿಗೆ ಕಾಯ್ತಿತ್ತು ನೋಡು’ ಅಂತ ಅಜ್ಜಿಯರು ಹೇಳ್ತಾರಲ್ಲ, ಹೆಚ್ಚುಕಡಿಮೆ ಅದೇ. ಆದರೆ ಒಂದು ಎಚ್ಚರಿಕೆಯನ್ನೂ ಫ್ರಾಯ್ಡ್ ಕೊಟ್ಟಿದ್ದರು: ಎಲ್ಲ ಅಪರಾಧಿಗಳೂ ಹೀಗಲ್ಲ. ಯಾವ ಅಪರಾಧಿ ಭಾವನೆಯೂ ಇಲ್ಲದೆ ತಪ್ಪು ಮಾಡುವವರೂ ಇದ್ದಾರೆ.

ಮುಂದೆ ಲಂಡನ್ನಿನಲ್ಲಿ ಮೆಲನಿ ಕ್ಲೈನ್ ಇದೇ ಎಳೆಯನ್ನ ಮುಂದುವರಿಸಿದರು. ಪುಟ್ಟ ಮಕ್ಕಳ ಆಟವನ್ನ ಗಂಟೆಗಟ್ಟಲೆ ಗಮನಿಸ್ತಿದ್ದ ಅವರು 1927ರಲ್ಲಿ, 1934ರಲ್ಲಿ ಅಪರಾಧದ ಬಗ್ಗೆ ಬರೆದರು. ಅವರ ವಾದ: ಹಿಂಸೆ ಮಾಡುವವನಿಗೆ ಆತ್ಮಸಾಕ್ಷಿಯೇ ಇಲ್ಲ ಅಂತ ಜನ ಅಂದ್ಕೊಳ್ತಾರೆ, ಆದರೆ ಎಷ್ಟೋ ಸಲ ಅವನೊಳಗಿನ ಆತ್ಮಸಾಕ್ಷಿ ತುಂಬಾ ಕ್ರೂರವಾಗಿರುತ್ತೆ. ಒಳಗೇ ಒಬ್ಬ ರಾಕ್ಷಸ ಪೊಲೀಸಪ್ಪ ಲಾಠಿ ಹಿಡಿದು ನಿಂತಿರುವ ಹಾಗೆ. ಆ ಭಯ ತಡೆಯೋಕಾಗದೆ ಅವನು ಹೊರಗಿನವರ ಮೇಲೆ ಎರಗ್ತಾನೆ. ಇದು ನಿಜ ಆದರೆ, ಇನ್ನಷ್ಟು ಹೆದರಿಸಿ ಅವನನ್ನ ಸರಿ ಮಾಡ್ತೀವಿ ಅನ್ನೋದು ಬೆಂಕಿಗೆ ತುಪ್ಪ ಸುರಿದ ಹಾಗೆ.

ಬ್ಯಾರಕ್ಕಿನ ಹನ್ನೆರಡು ಹುಡುಗರು

ಇದನ್ನೆಲ್ಲ ಪುಸ್ತಕದಲ್ಲಿ ಬರೆಯೋದು ಸುಲಭ. ಮಾಡಿ ನೋಡಿದವರು ಯಾರು? ಆಗಸ್ಟ್ ಐಖ್‌ಹಾರ್ನ್ ಅಂತ ವಿಯೆನ್ನಾದ ಒಬ್ಬ ಶಾಲಾ ಮೇಷ್ಟ್ರು.

1918. ಮೊದಲ ಮಹಾಯುದ್ಧ ಮುಗೀತಾ ಇದೆ. ಆಸ್ಟ್ರಿಯಾ ಸೋತು, ಹಸಿದು ಕೂತಿದೆ. ಅಪ್ಪ ಯುದ್ಧದಲ್ಲಿ ಸತ್ತ, ಅಮ್ಮ ದುಡಿಯೋಕೆ ಹೋದ, ಬೀದಿಯಲ್ಲೇ ಬೆಳೆದ ಮಕ್ಕಳು ಕಳ್ಳತನ, ಹೊಡೆದಾಟದಲ್ಲಿ ಸಿಕ್ಕಿಬೀಳ್ತಿದ್ದಾರೆ. ಓಬರ್‌ಹೊಲಾಬ್ರುನ್ ಅನ್ನೋ ಊರಲ್ಲಿ ನಿರಾಶ್ರಿತರ ಹಳೇ ಶಿಬಿರದ ಬ್ಯಾರಕ್ಕುಗಳಿದ್ದವು. ಅಲ್ಲಿ ಐಖ್‌ಹಾರ್ನ್ ಇಂಥ ಮಕ್ಕಳಿಗೆ ಒಂದು ಮನೆ ಶುರು ಮಾಡಿದರು. ಆ ಕಾಲದ ಸುಧಾರಣಾ ಶಾಲೆ ಅಂದರೆ ಬೀಗ, ಕವಾಯತು, ಬೆತ್ತ. ಇವರು ಬೆತ್ತ ಬೇಡ ಅಂದರು.

ಮಕ್ಕಳನ್ನ ಸ್ವಭಾವ ನೋಡಿ ಗುಂಪು ಮಾಡಿದಾಗ, ಯಾವ ಗುಂಪಿಗೂ ಹೊಂದದ ಹನ್ನೆರಡು ಹುಡುಗರು ಉಳಿದರು. ಯಾರೂ ಹತ್ತಿರ ಸೇರಿಸದಷ್ಟು ಹಿಂಸೆಯ ಹುಡುಗರು. ಐಖ್‌ಹಾರ್ನ್ ಅವರ ಹಿನ್ನೆಲೆ ಕೆದಕಿದಾಗ ಎಲ್ಲರಲ್ಲೂ ಒಂದೇ ಕಥೆ. ಮನೆಯಲ್ಲಿ ಪ್ರೀತಿ ಸಿಕ್ಕಿಲ್ಲ, ಲೆಕ್ಕವಿಲ್ಲದಷ್ಟು ಹೊಡೆತ ತಿಂದಿದ್ದಾರೆ. ಅವರಿಗೆ ಗೊತ್ತಿದ್ದ ಲೋಕದಲ್ಲಿ ನಾನು ಕೆಟ್ಟದ್ದು ಮಾಡ್ತೀನಿ, ದೊಡ್ಡವರು ಹೊಡೀತಾರೆ, ಅಷ್ಟೇ. ಹಾಗಾದರೆ ಇಲ್ಲೂ ಹೊಡೆದರೆ ಅವರು ನಂಬಿದ್ದೇ ನಿಜ ಅಂತ ನಾವೇ ಸಾಬೀತು ಮಾಡಿದ ಹಾಗಲ್ವಾ? ಅದಕ್ಕೆ ಸಿಬ್ಬಂದಿಗೆ ಅವರು ಹೇಳಿದ್ದು: ಜೀವಕ್ಕೆ ಅಪಾಯ ಅನ್ನಿಸೋವರೆಗೂ ತಡೀಬೇಡಿ, ಶಿಕ್ಷೆ ಕೊಡಬೇಡಿ, ಸ್ನೇಹದಿಂದ ಇರಿ.

ಏನಾಯ್ತು? ಎಲ್ಲ ಒಳ್ಳೇದಾಯ್ತು ಅಂತ ಅಂದ್ಕೊಂಡಿದ್ದರೆ, ಇಲ್ಲ. ಮೊದಲು ಇನ್ನೂ ಕೆಟ್ಟಿತು. ಹುಡುಗರು ಕಿಟಕಿ ಗಾಜು ಒಡೆದರು, ಬಾಗಿಲು ಒದ್ದು ಮುರಿದರು. ಊಟದ ಮೇಜು ಬಿಟ್ಟು ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ನೆಲದ ಮೇಲೆ ಕೂತು ತಿಂತಿದ್ದರು. ಅಲ್ಲಿನ ಕೂಗಾಟ ದೂರಕ್ಕೆ ಕೇಳ್ತಿತ್ತು. ಸಿಬ್ಬಂದಿ ಸುಸ್ತಾಗಿಬಿಟ್ಟರು. ಒಂದು ದಿನ ಒಬ್ಬ ಹುಡುಗ ಬ್ರೆಡ್ ಕತ್ತರಿಸೋ ಚಾಕು ಹಿಡಿದು ಇನ್ನೊಬ್ಬನ ಕುತ್ತಿಗೆಗೆ ಇಟ್ಟ, ಕೊಂದುಹಾಕ್ತೀನಿ ಅಂತ ಕಿರುಚಿದ. ಐಖ್‌ಹಾರ್ನ್ ಪಕ್ಕದಲ್ಲೇ ಸುಮ್ಮನೆ ನಿಂತಿದ್ದರು. ಈ ಅಬ್ಬರದಲ್ಲಿ ಕೊಲ್ಲೋ ಸಿಟ್ಟಿಗಿಂತ ನಾಟಕವೇ ಹೆಚ್ಚಿದೆ, ಇವನು ನನ್ನ ಏಟಿಗೆ ಕಾಯ್ತಿದ್ದಾನೆ ಅಂತ ಅವರಿಗೆ ಅನ್ನಿಸಿತ್ತು. ಅವರು ಏನೂ ಮಾಡದೇ ಇದ್ದಾಗ ಹುಡುಗ ಚಾಕು ಬಿಸಾಕಿದ, ನೆಲಕ್ಕೆ ಕಾಲು ಬಡಿದ, ಗೋಳೋ ಅಂತ ಅತ್ತ, ಅತ್ತು ಅತ್ತು ದಣಿದು ಮಲಗಿಬಿಟ್ಟ.

ಹನ್ನೆರಡೂ ಹುಡುಗರಲ್ಲಿ ಇಂಥದ್ದು ಒಂದಲ್ಲ ಒಂದು ರೀತಿ ನಡೀತು. ಸಿಟ್ಟಿನ ಅಬ್ಬರ ಇಳಿದ ಮೇಲೆ ಅಳು ಬಂತು, ಅಳುವಿನ ನಂತರ ದೊಡ್ಡವರ ಹತ್ತಿರ ಒಂದು ಅಂಟು ಬೆಳೀತು. ಒಂದು ದಿನ ಪ್ರೀತಿ, ಮಾರನೇ ದಿನ ಮುನಿಸು. ಆಮೇಲೆ ಕ್ರಿಸ್‌ಮಸ್ ಹೊತ್ತಿಗೆ ಅವರನ್ನ ಹೊಸದಾಗಿ ಸಜ್ಜು ಮಾಡಿದ ಬ್ಯಾರಕ್ಕಿಗೆ ಕರ್ಕೊಂಡು ಹೋದರು. ಪಾಠ, ಕೆಲಸ, ನಿಯಮ ಎಲ್ಲ ನಿಧಾನಕ್ಕೆ ಅಲ್ಲಿಂದ ಶುರುವಾಯ್ತು.

1925ರಲ್ಲಿ ಐಖ್‌ಹಾರ್ನ್ ಈ ಅನುಭವವನ್ನ ಪುಸ್ತಕ ಮಾಡಿದಾಗ ಫ್ರಾಯ್ಡೇ ಮುನ್ನುಡಿ ಬರೆದರು. ಐಖ್‌ಹಾರ್ನ್ ಹೇಳಿದ ಮುಖ್ಯ ವಿಷಯ, ಹೊರಗೆ ಕಾಣುವ ತಪ್ಪನ್ನ ಅದುಮಿಟ್ಟರೆ ಒಳಗಿರುವ ಕಾರಣ ಹೋಗಲ್ಲ. ಜ್ವರಕ್ಕೆ ತಣ್ಣೀರು ಬಟ್ಟೆ ಹಾಕಿದ ಹಾಗೆ, ಮೈ ತಣ್ಣಗಾಗಬಹುದು, ಸೋಂಕು ಒಳಗೇ ಇರುತ್ತೆ. ಇನ್ನೊಂದು, ಈ ಮಕ್ಕಳಿಗೆ ಬುದ್ಧಿವಾದ ತಲುಪಬೇಕಾದರೆ ಮೊದಲು ಒಬ್ಬ ನಂಬಬಹುದಾದ ಮನುಷ್ಯ ಬೇಕು. ಯಾರ ಹಾಗೂ ಆಗಬೇಕು ಅಂತ ಅನ್ನಿಸದ ಹುಡುಗನಿಗೆ ಒಳ್ಳೆಯವನಾಗು ಅಂದರೆ ಏನೂ ಅರ್ಥ ಆಗಲ್ಲ.

ಲಂಡನ್ನಿನ ಕ್ಲಿನಿಕ್

ಈಗ ಇಂಗ್ಲೆಂಡಿಗೆ ಬರೋಣ. ಮೊದಲ ಮಹಾಯುದ್ಧದಲ್ಲಿ ಸರ್ಜನ್ ಆಗಿದ್ದ ಗ್ರೇಸ್ ಪೇಲ್‌ಥಾರ್ಪ್ ಅನ್ನೋ ವೈದ್ಯೆ 1920ರ ದಶಕದಲ್ಲಿ ಮಹಿಳಾ ಕೈದಿಗಳ ಅಧ್ಯಯನ ಮಾಡಿದರು. ಇವರಲ್ಲಿ ಎಷ್ಟೋ ಜನರಿಗೆ ಜೈಲಿಗಿಂತ ಚಿಕಿತ್ಸೆ ಬೇಕಿತ್ತು ಅನ್ನೋದು ಅವರ ತೀರ್ಮಾನ. 1931ರಲ್ಲಿ ಅವರು, ಮನೋವಿಶ್ಲೇಷಕ ಎಡ್ವರ್ಡ್ ಗ್ಲೋವರ್ ಮತ್ತಿತರರು ಸೇರಿ ಅಪರಾಧಿಗಳ ವೈಜ್ಞಾನಿಕ ಚಿಕಿತ್ಸೆಗೆ ಅಂತ ಒಂದು ಸಂಸ್ಥೆ ಕಟ್ಟಿದರು. ಅದರ ಉಪಾಧ್ಯಕ್ಷರ ಪಟ್ಟಿಯಲ್ಲಿ ಫ್ರಾಯ್ಡ್, ಯೂಂಗ್, ಕಾದಂಬರಿಕಾರ ಎಚ್.ಜಿ. ವೆಲ್ಸ್ ಎಲ್ಲ ಇದ್ದರು. 1933ರಲ್ಲಿ ಕ್ಲಿನಿಕ್ ಶುರುವಾಯ್ತು. ಮೊದಲು ಬಂದ ರೋಗಿ, ತನ್ನ ಯಜಮಾನಿಯ ಮೇಲೆ ಕೈಮಾಡಿದ ಆರೋಪ ಹೊತ್ತ 47 ವರ್ಷದ ಒಬ್ಬ ಹೆಂಗಸು. 1948ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಗೆ ಸೇರಿದ ಆ ಕ್ಲಿನಿಕ್ ಪೋರ್ಟ್‌ಮನ್ ಕ್ಲಿನಿಕ್ ಅಂತ ಹೆಸರಾಯ್ತು.

ಅದೇ ಕಾಲದಲ್ಲಿ ಲಂಡನ್ನಿನ ಇನ್ನೊಂದು ಕಡೆ ಜಾನ್ ಬೌಲ್ಬಿ ಅನ್ನೋ ಯುವ ಮನೋವೈದ್ಯ ಕಳ್ಳತನ ಮಾಡಿದ 44 ಮಕ್ಕಳನ್ನ, ಕಳ್ಳತನ ಮಾಡದ 44 ಮಕ್ಕಳ ಜೊತೆ ಹೋಲಿಸಿ ನೋಡಿದರು. ಅದು 1944ರಲ್ಲಿ ಪ್ರಕಟವಾಯ್ತು. ಕದ್ದ ಮಕ್ಕಳಲ್ಲಿ 14 ಜನರಿಗೆ ಯಾರ ಮೇಲೂ ಮಮತೆಯೇ ಇರಲಿಲ್ಲ. ಆ 14ರಲ್ಲಿ 12 ಜನ ಎಳೆ ವಯಸ್ಸಲ್ಲಿ ತಾಯಿಯಿಂದ ದೀರ್ಘಕಾಲ ದೂರ ಆಗಿದ್ದವರು. ಈ ಅಧ್ಯಯನಕ್ಕೆ ಮಿತಿಗಳಿವೆ. ಸಂಖ್ಯೆ ಚಿಕ್ಕದು, ಹಳೇ ನೆನಪುಗಳನ್ನ ಕೇಳಿ ಬರೆದಿದ್ದು, ಎರಡು ವಿಷಯ ಒಟ್ಟಿಗೆ ಇವೆ ಅಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಅಂತ ಹೇಳೋಕಾಗಲ್ಲ. ಆದರೂ ಆಸ್ಪತ್ರೆಗೆ ಸೇರಿಸಿದ ಮಗುವಿನ ಹತ್ತಿರ ಅಮ್ಮನನ್ನ ಬಿಡದೇ ಇದ್ದ ಕಾಲದಲ್ಲಿ ಇದು ಒಂದು ದೊಡ್ಡ ಪ್ರಶ್ನೆ ಎತ್ತಿತು.

ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಹೆದರಿ ನಗರದ ಮಕ್ಕಳನ್ನ ಹಳ್ಳಿಗಳಿಗೆ ಕಳಿಸಿದರು. ಯಾವ ಮನೆಯವರೂ ಇಟ್ಕೊಳ್ಳೋಕಾಗದಷ್ಟು ತಂಟೆ ಮಾಡಿದ ಮಕ್ಕಳಿಗೆ ಆಕ್ಸ್‌ಫರ್ಡ್‌ಶೈರಿನಲ್ಲಿ ಹಾಸ್ಟೆಲ್ ಮಾಡಿದರು. ಅಲ್ಲಿಗೆ ಹೋಗಿ ಬರ್ತಿದ್ದ ಮಕ್ಕಳ ವೈದ್ಯ ಡೊನಾಲ್ಡ್ ವಿನ್ನಿಕಾಟ್ ಒಂದು ಆಶ್ಚರ್ಯದ ಮಾತು ಹೇಳಿದರು: ಕದಿಯೋದು, ಒಡೆಯೋದು ಮಗು ಇನ್ನೂ ಆಸೆ ಬಿಟ್ಟಿಲ್ಲ ಅನ್ನೋದರ ಗುರುತು. ಒಮ್ಮೆ ಇದ್ದು ಕಳೆದುಹೋದ ಒಂದು ಆಸರೆಯನ್ನ ಅದು ಹುಡುಕ್ತಿದೆ. ನಾನು ಇಷ್ಟು ಕೆಟ್ಟದಾಗಿ ನಡ್ಕೊಂಡರೂ ತಡ್ಕೊಂಡು ನಿಲ್ಲೋರು ಯಾರಾದ್ರೂ ಇದ್ದಾರಾ ಅಂತ ಪರೀಕ್ಷೆ ಮಾಡ್ತಿದೆ. ಹಾಗಾಗಿ ವಿನ್ನಿಕಾಟ್ ಪ್ರಕಾರ ಆ ಮಕ್ಕಳಿಗೆ ಬೇಕಿದ್ದದ್ದು ಬರೀ ಮಾತಲ್ಲ, ಗಟ್ಟಿಯಾಗಿ ನಿಲ್ಲುವ ಒಂದು ಮನೆ.

ಎರಡು ಬಗೆಯ ಹಿಂಸೆ

ಪೋರ್ಟ್‌ಮನ್ ಕ್ಲಿನಿಕ್ಕಿನಲ್ಲಿ ಬಹಳ ವರ್ಷ ಕೆಲಸ ಮಾಡಿದ ಮರ್ವಿನ್ ಗ್ಲಾಸರ್ ಹಿಂಸೆಯನ್ನ ಎರಡಾಗಿ ನೋಡಿದರು. ಒಂದು, ತನ್ನನ್ನ ಉಳಿಸಿಕೊಳ್ಳೋಕೆ ಮಾಡುವ ಹಿಂಸೆ. ಇಲ್ಲಿ ಎದುರಿಗಿರುವವನು ಒಂದು ಅಪಾಯ, ಅಷ್ಟೇ. ಅವನು ದೂರ ಆದರೆ ಸಾಕು. ಅಪಾಯ ಅಂದರೆ ಜೀವಕ್ಕೇ ಆಗಬೇಕಿಲ್ಲ. ಬಾರಲ್ಲಿ ಯಾರೋ ಗುರಾಯಿಸಿ ನೋಡಿದ್ದು, ಹೆಂಡತಿ ‘ನಿನ್ನ ಕೈಲಿ ಏನೂ ಆಗಲ್ಲ’ ಅಂದಿದ್ದು ಕೂಡ ಕೆಲವರಿಗೆ ಜೀವ ಹೋದ ಹಾಗೆ ಅನ್ನಿಸುತ್ತೆ. ಎರಡನೆಯದು, ಇನ್ನೊಬ್ಬರ ನೋವನ್ನ ನೋಡಿ ಸುಖಪಡೋ ಹಿಂಸೆ. ಇಲ್ಲಿ ಎದುರಿಗಿರುವವನು ದೂರ ಹೋಗಬಾರದು, ನರಳ್ತಾ ಇರಬೇಕು. ಹೊರಗಿಂದ ಎರಡೂ ಹಲ್ಲೆಯೇ. ಆದರೆ ಚಿಕಿತ್ಸೆಯಲ್ಲಿ ಎರಡೂ ಬೇರೆ ಬೇರೆ ದಾರಿ.

ಗ್ಲಾಸರ್ ಇನ್ನೊಂದು ವಿಷಯ ಗಮನಿಸಿದರು. ಅವರು ನೋಡಿದ ಎಷ್ಟೋ ಜನರಲ್ಲಿ ಯಾರದಾದರೂ ಹತ್ತಿರ ಆಗಬೇಕು ಅನ್ನೋ ವಿಪರೀತ ಹಸಿವು ಇರ್ತಿತ್ತು. ಹತ್ತಿರ ಆದ ಕೂಡಲೇ ಇವಳು ನನ್ನನ್ನ ನುಂಗಿಬಿಡ್ತಾಳೆ ಅನ್ನೋ ಭಯ. ಆ ಭಯದಲ್ಲಿ ಹೊಡೆತ. ಹೊಡೆದ ಮೇಲೆ ಅವಳು ದೂರ ಆಗ್ತಾಳೆ, ಆಗ ಒಂಟಿತನ. ಮತ್ತೆ ಕಾಲು ಹಿಡಿದು ಕ್ಷಮೆ, ಮತ್ತೆ ಹತ್ತಿರ, ಮತ್ತೆ ಭಯ. ಪ್ರೀತಿಸ್ತೀನಿ ಅಂತಲೇ ಹೊಡೆಯೋ ಗಂಡಸರ ಬಗ್ಗೆ ನೀವು ಕೇಳಿದ್ದರೆ, ಈ ಚಕ್ರ ನಿಮಗೆ ಪರಿಚಯ ಇರುತ್ತೆ. ಆದರೆ ಒಂದು ಮಾತು ಇಲ್ಲಿ ಸ್ಪಷ್ಟ ಇರಬೇಕು. ಈ ವಿವರಣೆ ಹೊಡೆದವನಿಗೆ ಚಿಕಿತ್ಸೆ ಮಾಡೋರಿಗಾಗಿ ಇದೆ. ಹೊಡೆತ ತಿಂದವಳು ‘ಪಾಪ, ಅವನ ಬಾಲ್ಯ’ ಅಂತ ಅಲ್ಲೇ ಇರಬೇಕು ಅಂತ ಇದು ಹೇಳೋದಿಲ್ಲ. ಅವಳ ಸುರಕ್ಷತೆ ಮೊದಲು.

ಕೈದಿಗಳೇ ಮತ ಹಾಕುವ ಜೈಲು

ಚಿಕಿತ್ಸೆಯನ್ನ ಜೈಲಿನೊಳಗೇ ತರೋಕಾಗುತ್ತಾ? 1939ರಲ್ಲೇ ಇಂಗ್ಲೆಂಡಿನಲ್ಲಿ ನಾರ್ವುಡ್ ಈಸ್ಟ್ ಮತ್ತು ಹ್ಯೂಬರ್ಟ್ ಅನ್ನೋ ಇಬ್ಬರು ವೈದ್ಯರು ಇದಕ್ಕಾಗಿಯೇ ಒಂದು ವಿಶೇಷ ಸಂಸ್ಥೆ ಬೇಕು ಅಂತ ವರದಿ ಕೊಟ್ಟಿದ್ದರು. ಯುದ್ಧ ಬಂತು, ವರದಿ ಮೂಲೆಗೆ ಸೇರಿತು. ಕೊನೆಗೆ 1962ರಲ್ಲಿ ಬಕಿಂಗ್‌ಹ್ಯಾಮ್‌ಶೈರಿನಲ್ಲಿ ಗ್ರೆಂಡನ್ ಜೈಲು ತೆರೆಯಿತು.

ಗ್ರೆಂಡನ್‌ಗೆ ಯಾರನ್ನೂ ಬಲವಂತವಾಗಿ ಕಳಿಸಲ್ಲ. ಕೈದಿ ತಾನೇ ಅರ್ಜಿ ಹಾಕಬೇಕು. ಅಲ್ಲಿರುವವರಲ್ಲಿ ಬಹಳಷ್ಟು ಜನ ಕೊಲೆ, ಅತ್ಯಾಚಾರ, ಗಂಭೀರ ಹಲ್ಲೆಗೆ ದೀರ್ಘ ಶಿಕ್ಷೆ ಅನುಭವಿಸ್ತಿರುವವರು. ವಾರದಲ್ಲಿ ಹಲವು ದಿನ ಸಣ್ಣ ಗುಂಪುಗಳಲ್ಲಿ ಥೆರಪಿ, ಉಳಿದ ದಿನ ಇಡೀ ವಿಂಗ್ ಒಟ್ಟಿಗೆ ಕೂರುವ ಸಭೆ. ಹಿಂಸೆ ಇಲ್ಲ, ಡ್ರಗ್ಸ್ ಇಲ್ಲ, ಲೈಂಗಿಕ ಸಂಬಂಧ ಇಲ್ಲ. ನಿಯಮ ಮುರಿದವನು ಉಳೀಬೇಕಾ ಹೋಗಬೇಕಾ ಅಂತ ಕೈದಿಗಳೇ ಮತ ಹಾಕ್ತಾರೆ.

ಜೈಲಿನ ರೂಢಿ ಗೊತ್ತಿದ್ದವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತಾಗುತ್ತೆ. ಬೇರೆ ಜೈಲಲ್ಲಿ ಬಾಯಿ ಬಿಟ್ಟವನು ಚಾಡಿಕೋರ. ಇಲ್ಲಿ ಬಾಯಿ ಬಿಡೋದೇ ಕೆಲಸ. ಇಲ್ಲಿ ‘ನಾನು ಕುಡಿದಿದ್ದೆ, ನೆನಪಿಲ್ಲ’ ಅಂದರೆ ಡಾಕ್ಟರು ಸುಮ್ಮನಾಗಬಹುದು, ಪಕ್ಕದಲ್ಲಿರುವ ಇನ್ನೊಬ್ಬ ಕೊಲೆಗಾರ ಸುಮ್ಮನಿರಲ್ಲ. ಅವನೂ ಅದೇ ಸುಳ್ಳನ್ನ ಹತ್ತು ವರ್ಷ ಹೇಳ್ಕೊಂಡು ಬಂದವನು. ಇನ್ನೊಂದು, ಹೊರಗೆ ನಡೆದದ್ದೇ ಒಳಗೂ ಮರುಕಳಿಸುತ್ತೆ. ಹೆಂಡತಿಯ ಮೇಲೆ ಅಧಿಕಾರ ಚಲಾಯಿಸ್ತಿದ್ದವನು ಇಲ್ಲಿ ಅಡುಗೆ ಪಾಳಿಯ ವಿಷಯಕ್ಕೆ ಅದೇ ದನಿಯಲ್ಲಿ ಜಗಳ ತೆಗೀತಾನೆ. ಗುಂಪು ಅವತ್ತೇ ಅದನ್ನ ಹಿಡಿದು ಅವನ ಮುಂದೆ ಇಡುತ್ತೆ. ಬಾಲ್ಯದ ಸಂಬಂಧವನ್ನ ಈಗಿನ ಸಂಬಂಧದಲ್ಲಿ ನೋಡೋದು ಅನ್ನೋ ಫ್ರಾಯ್ಡ್ ವಿಚಾರ ಇಲ್ಲಿ ದಿನನಿತ್ಯದ ಕೆಲಸ ಆಗಿದೆ.

ಫಲಿತಾಂಶ? 1990ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಗೃಹ ಇಲಾಖೆ ನಡೆಸಿದ ಅಧ್ಯಯನದಲ್ಲಿ, ಅಲ್ಲಿ 18 ತಿಂಗಳು ಅಥವಾ ಹೆಚ್ಚು ಇದ್ದವರು ಬಿಡುಗಡೆ ಆದ ಮೇಲೆ ಮತ್ತೆ ಅಪರಾಧಕ್ಕೆ ಬೀಳುವ ಪ್ರಮಾಣ ಕಡಿಮೆ ಇತ್ತು. ಬೇಗ ಬಿಟ್ಟುಹೋದವರಲ್ಲಿ ಅಂಥ ಲಾಭ ಕಾಣಲಿಲ್ಲ. ಹಾಗಾದರೆ ಬದಲಾಗಬೇಕು ಅನ್ನೋ ಮನಸ್ಸಿದ್ದವನೇ 18 ತಿಂಗಳು ನಿಲ್ತಾನೆ, ಅದರಲ್ಲಿ ಥೆರಪಿಯ ಪಾಲು ಎಷ್ಟು ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ಸಂಶೋಧಕರೂ ಅದನ್ನೇ ಕೇಳ್ತಾ ಬಂದಿದ್ದಾರೆ.

ಕೆನಡಾದಲ್ಲಿ ಆದ ಅನಾಹುತ

ಈಗ ಕತ್ತಲಿನ ಅಧ್ಯಾಯ. ಇದನ್ನ ಹೇಳದೇ ಹೋದರೆ ಕಥೆ ಅರ್ಧ ಸುಳ್ಳಾಗುತ್ತೆ.

1960ರ ದಶಕದ ಮಧ್ಯದಲ್ಲಿ ಕೆನಡಾದ ಒಂಟಾರಿಯೋ ಪ್ರಾಂತ್ಯದ ಓಕ್ ರಿಡ್ಜ್ ಅನ್ನೋ ಬಿಗಿಭದ್ರತೆಯ ಮಾನಸಿಕ ಆಸ್ಪತ್ರೆಯಲ್ಲಿ ಇನ್ನೊಂದು ಪ್ರಯೋಗ ಶುರುವಾಯ್ತು. ಅಪಾಯಕಾರಿ ರೋಗಿಗಳು ತಮ್ಮ ಸುತ್ತ ಒಂದು ಗೋಡೆ ಕಟ್ಕೊಂಡಿರ್ತಾರೆ, ಅದನ್ನ ಒಡೆದರೆ ಒಳಗಿನ ನಿಜವಾದ ಮನುಷ್ಯ ಹೊರಗೆ ಬರ್ತಾನೆ ಅನ್ನೋದು ಅಲ್ಲಿನ ನಂಬಿಕೆ. ಒಡೆಯೋಕೆ ಏನು ಮಾಡಿದರು? ಕಿಟಕಿ ಇಲ್ಲದ ಕೋಣೆಯಲ್ಲಿ ರೋಗಿಗಳನ್ನ ಬೆತ್ತಲೆ ಮಾಡಿ ದಿನಗಟ್ಟಲೆ ಕೂಡಿಹಾಕಿದರು. ಆಹಾರ ಗೋಡೆಯ ತೂತಿನಲ್ಲಿ ಸ್ಟ್ರಾ ಮೂಲಕ. ಎಲ್‌ಎಸ್‌ಡಿಯಂಥ ಮಾದಕ ದ್ರವ್ಯ ಕೊಟ್ಟರು. ಒಬ್ಬ ರೋಗಿಯ ಮೇಲೆ ಇನ್ನೊಬ್ಬ ರೋಗಿಗೆ ಅಧಿಕಾರ ಕೊಟ್ಟರು. ಆ ಕಾಲಕ್ಕೆ ಇದನ್ನ ಕ್ರಾಂತಿಕಾರಿ ಚಿಕಿತ್ಸೆ ಅಂತ ಹೊಗಳಿದವರೂ ಇದ್ದರು.

1992ರಲ್ಲಿ ಅದೇ ಸಂಸ್ಥೆಯ ಸಂಶೋಧಕರು ಅಲ್ಲಿಂದ ಹೊರಬಂದವರನ್ನ, ಅಲ್ಲಿಗೆ ಹೋಗದೆ ಜೈಲಿಗೆ ಹೋದ ಅಂಥವರೇ ಜೊತೆ ಹೋಲಿಸಿ ವರದಿ ಕೊಟ್ಟರು. ಸೈಕೋಪಾತ್ ಅಂತ ಗುರುತಿಸಲಾದವರು ಈ ಚಿಕಿತ್ಸೆ ನಂತರ ಇನ್ನೂ ಹೆಚ್ಚು ಹಿಂಸೆ ಮಾಡಿದ್ದರು. ಇನ್ನೊಬ್ಬರ ಭಾವನೆ ಓದೋದನ್ನ ಅಲ್ಲಿ ಕಲಿತವರು ಆ ವಿದ್ಯೆಯನ್ನ ಜನರನ್ನ ಬಳಸಿಕೊಳ್ಳೋಕೆ ಉಪಯೋಗಿಸಿರಬಹುದು ಅನ್ನೋದು ಸಂಶೋಧಕರ ಊಹೆ. 2020ರಲ್ಲಿ, ಅಲ್ಲಿದ್ದ 28 ಮಂದಿ ಹೂಡಿದ್ದ ಮೊಕದ್ದಮೆಯಲ್ಲಿ ಒಂಟಾರಿಯೋದ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು.

ಐಖ್‌ಹಾರ್ನ್ ಬ್ಯಾರಕ್ಕನ್ನೂ ಓಕ್ ರಿಡ್ಜನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಕಡೆ ಮನಸ್ಸಿನ ಆಳದ ಮಾತೇ. ಒಂದು ಕಡೆ ಹುಡುಗ ತಾನಾಗಿ ಅಳೋವರೆಗೂ ಒಬ್ಬ ದೊಡ್ಡವರು ಪಕ್ಕದಲ್ಲಿ ನಿಂತು ಕಾದರು. ಇನ್ನೊಂದು ಕಡೆ ಅಳಿಸಿಯೇ ತೀರ್ತೀವಿ ಅಂತ ಹೊರಟರು. ಮೊದಲೇ ಅವಮಾನ ತಿಂದು ಬಂದವನಿಗೆ ಚಿಕಿತ್ಸೆ ಹೆಸರಲ್ಲಿ ಇನ್ನಷ್ಟು ಅವಮಾನ ಉಣಿಸಿದರು.

ಅವಮಾನ ಅನ್ನೋ ಕಿಡಿ

ಅವಮಾನ ಅಂದೆನಲ್ಲ, ಅದರ ಬಗ್ಗೆ ಅತಿ ಹೆಚ್ಚು ಬರೆದವರು ಅಮೆರಿಕದ ಮನೋವೈದ್ಯ ಜೇಮ್ಸ್ ಗಿಲ್ಲಿಗನ್. ಮ್ಯಾಸಚೂಸೆಟ್ಸ್ ರಾಜ್ಯದ ಜೈಲುಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಅವರು ಕೊಲೆ ಮಾಡಿದವರನ್ನ ಯಾಕೆ ಅಂತ ಕೇಳಿದಾಗ ಮತ್ತೆ ಮತ್ತೆ ಸಿಕ್ಕಿದ ಉತ್ತರ ಒಂದೇ: ಅವನು ನನಗೆ ಮರ್ಯಾದೆ ಕೊಡಲಿಲ್ಲ. 1996ರಲ್ಲಿ ಬಂದ ಪುಸ್ತಕದಲ್ಲಿ ಗಿಲ್ಲಿಗನ್ ವಾದ ಹೀಗಿದೆ. ಗಂಭೀರ ಹಿಂಸೆಯ ಹಿಂದೆ ತಡೆಯಲಾಗದ ಅವಮಾನ ಇರುತ್ತೆ. ಆದರೆ ಅವಮಾನ ಆದವರೆಲ್ಲ ಕೊಲ್ಲಲ್ಲ. ಆ ಅವಮಾನ ತೀರಿಸೋಕೆ ಬೇರೆ ದಾರಿ ಇಲ್ಲ ಅಂತ ಅನ್ನಿಸಿದಾಗ, ತಡೆಯೋ ಪ್ರೀತಿಯಾಗಲಿ ತಪ್ಪಿನ ಅರಿವಾಗಲಿ ಒಳಗೆ ಇಲ್ಲದಾಗ ಮಾತ್ರ ಅದು ಹಿಂಸೆ ಆಗುತ್ತೆ.

ಇಂಗ್ಲೆಂಡಿನ ಬ್ರಾಡ್‌ಮೂರ್ ಆಸ್ಪತ್ರೆಯಲ್ಲಿ ದಶಕಗಳ ಕಾಲ ಕೆಲಸ ಮಾಡಿದ ಗ್ವೆನ್ ಆಡ್ಸ್‌ಹೆಡ್ ಇದಕ್ಕೆ ಸೈಕಲ್ಲಿನ ನಂಬರ್ ಬೀಗದ ಹೋಲಿಕೆ ಕೊಡ್ತಾರೆ. ಬಡತನ, ಹೊಡೆತದ ಬಾಲ್ಯ, ಕುಡಿತ ಇವೆಲ್ಲ ಒಂದೊಂದು ಅಂಕಿ. ಎಲ್ಲ ಅಂಕಿ ಸಾಲಾಗಿ ನಿಂತಾಗ ಮಾತ್ರ ಬೀಗ ತೆರೆಯುತ್ತೆ. ಕೊನೆಯ ಅಂಕಿ ಒಂದು ಮಾತಿರಬಹುದು, ಒಂದು ನಗು ಇರಬಹುದು. ಅದಕ್ಕೇ ಹೊಡೆತ ತಿಂದು ಬೆಳೆದ ಬಹುಪಾಲು ಜನ ಯಾರಿಗೂ ಏನೂ ಮಾಡಲ್ಲ. ಈ ಮಾತನ್ನ ಮರೆತರೆ ಕಷ್ಟದಲ್ಲಿ ಬೆಳೆದ ಪ್ರತಿಯೊಬ್ಬರನ್ನೂ ಅನುಮಾನದಿಂದ ನೋಡೋ ಹಾಗಾಗುತ್ತೆ. ಅದು ಇನ್ನೊಂದು ಅನ್ಯಾಯ.

ಇಷ್ಟೆಲ್ಲ ಕೇಳಿದ ಮೇಲೆ ನಿಮ್ಮಲ್ಲಿ ಕೆಲವರು ಅನ್ನಬಹುದು: ಸರಿ, ಸತ್ತವರ ಮನೆಯವರಿಗೆ ಇದರಿಂದ ಏನು ಸಿಕ್ತು? ಈ ಪ್ರಶ್ನೆಗೆ ಅಡ್ಡದಾರಿಯ ಉತ್ತರ ಇಲ್ಲ. ಕಳಕೊಂಡವರಿಗೆ ಯಾರ ಬಾಲ್ಯದ ಕಥೆಯೂ ಸಮಾಧಾನ ಕೊಡಬೇಕಿಲ್ಲ, ಅವರು ಕ್ಷಮಿಸಬೇಕು ಅಂತ ಕೇಳೋ ಹಕ್ಕು ಯಾರಿಗೂ ಇಲ್ಲ. ನಾನು ಹೇಳಿದ ಈ ಜನ ಕೂಡ ಶಿಕ್ಷೆ ಬೇಡ ಅಂತ ಹೇಳಿದವರಲ್ಲ. ಗ್ರೆಂಡನ್ ಜೈಲೇ, ಅದಕ್ಕೂ ಗೋಡೆ ಇದೆ, ಬೀಗ ಇದೆ. ಅವರ ಪ್ರಶ್ನೆ ಶಿಕ್ಷೆಯ ವರ್ಷಗಳಲ್ಲಿ ಏನು ನಡೀಬೇಕು ಅನ್ನೋದು. ಯಾಕಂದ್ರೆ ಜೈಲಿಗೆ ಹೋದವರಲ್ಲಿ ಬಹುಪಾಲು ಜನ ಒಂದಲ್ಲ ಒಂದು ದಿನ ಹೊರಗೆ ಬರ್ತಾರೆ. ಯಾರದೋ ಪಕ್ಕದ ಮನೆಗೆ ಬರ್ತಾರೆ, ಯಾರನ್ನೋ ಮದುವೆ ಆಗ್ತಾರೆ. ಅವನೊಳಗಿನ ಬೀಗದ ಅಂಕಿಗಳು ಹಾಗೇ ಇದ್ದರೆ, ಮುಂದಿನ ಸಲ ಏಟು ಬೀಳೋದು ಇವತ್ತು ನಾವ್ಯಾರೂ ಹೆಸರು ಕೇಳದ ಒಬ್ಬರ ಮೇಲೆ.

ನೂರು ವರ್ಷದ ಈ ಇತಿಹಾಸದಲ್ಲಿ ಮನೋವಿಶ್ಲೇಷಣೆಯ ಎಷ್ಟೋ ಸಿದ್ಧಾಂತಗಳು ಬಿದ್ದುಹೋಗಿವೆ, ಕೆಲವು ಇನ್ನೂ ಚರ್ಚೆಯಲ್ಲಿವೆ. ನನಗೆ ಉಳಿದದ್ದು ಒಂದು ಸರಳ ಅಭ್ಯಾಸ. ಎದುರಿಗಿರುವವನ ಕೃತ್ಯವನ್ನ ಚಿಕ್ಕದು ಮಾಡದೆ, ಅವನ ಮಾತನ್ನ ಕೊನೆವರೆಗೂ ಕೇಳೋದು. ಮುಂದಿನ ಸಲ ಫೋನಿಗೆ ಒಂದು ಕೊಲೆ ಸುದ್ದಿ ಬಂದಾಗ, ಸಿಟ್ಟು ಬರಲಿ, ಬರಲೇಬೇಕು. ಅದರ ಜೊತೆಗೆ, ಇಲ್ಲಿಯವರೆಗೆ ಬರೋಕೆ ಮೊದಲು ಎಲ್ಲಿ ಯಾರು ಇದನ್ನ ತಡೀಬಹುದಿತ್ತು ಅಂತಲೂ ಒಮ್ಮೆ ಕೇಳಿ ನೋಡಿ.

ಇವತ್ತಿಗೆ ಇಷ್ಟು. ನಿಮಗೆ ಏನನ್ನಿಸ್ತು, ಒಪ್ತೀರಾ, ಇಲ್ವಾ, ಬರೆದು ಕಳಿಸಿ. ಸಿಟ್ಟಿನ ಪತ್ರಗಳನ್ನೂ ಪೂರ್ತಿ ಓದ್ತೀನಿ. ಈ ಸಂಚಿಕೆ ಕೇಳ್ತಾ ನಿಮ್ಮದೇ ಮನೆಯ ನೆನಪು ಬಂದು ಮನಸ್ಸು ಭಾರ ಆಗಿದ್ದರೆ, ಒಬ್ಬರೇ ಇಟ್ಕೋಬೇಡಿ, ನಂಬಿಕೆ ಇರೋ ಯಾರ ಹತ್ತಿರವಾದ್ರೂ ಮಾತಾಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.